ಟ್ಯಾಂಕಿನ ಮೇಲಿನ ವೀರ

ಕಾಲೇಜು ಹುಡುಗರ ಸಿನಿಮಾ. ಭವಿಷ್ಯದಿಂದ ಬಂದ ವೀರ, ಕೆಳಗೆ ಕಾದಿರುವ ಯಂತ್ರಮಾನವರ ಮೇಲೆ ನೀರಿನ ಟ್ಯಾಂಕಿನಿಂದ ಜಿಗಿಯುವುದೇ ಅದರ ಮೊದಲ ದೃಶ್ಯ. ನಿರ್ದೇಶಕ ಹುಡುಗ ಅದನ್ನು ವೀರನ ಪಾತ್ರ ಮಾಡಿದವನ ತಾಯಿಗೆ ತನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದ.

“ಇದನ್ನ ಅಳಿಸಿಬಿಡ್ತೀನ್ರಿ, ಅವ್ವಾರ.”

“ಯಾಕೋ ತಮ್ಮಾ? ಮನ್ಯಾಗ ಅಟ್ಟ ಹತ್ತಾಕ ಅಂಜಾಂವ, ನಿನ್ನ ಮಾತು ಕೇಳಿ ಟ್ಯಾಂಕ ಹತ್ತ್ಯಾನ. ಇರಲಿ ಬಿಡು.”

ಅವನು ಲ್ಯಾಪ್‌ಟಾಪ್ ಮುಚ್ಚಲು ಹೋದ. ತಾಯಿ ಅವನ ಕೈ ತಡೆದಳು.

“ಇದನ್ನ ಹಿಂದಕ್ಕ ಓಡಿಸಾಕ ಬರ್ತದೇನು?”

“ಬರ್ತದ್ರಿ.”

“ಓಡಿಸು.”

ನೆಲದ ಮೇಲೆ ಬಿದ್ದಿದ್ದ ವೀರ ಎದ್ದು ಗಾಳಿಯಲ್ಲಿ ಮೇಲೇರಿದ. ಟ್ಯಾಂಕಿನ ಅಂಚಿನಲ್ಲಿ ನಿಂತು, ನಗುತ್ತ ಕೈ ಬೀಸಿದ.

“ಇಲ್ಲೇ ನಿಲ್ಲಿಸು,” ಅಂದಳು ತಾಯಿ. “ಇಲ್ಲಿ ನನ್ನ ಮಗ ಇನ್ನಾ ಜೀವಂತ ಅದಾನ.”