ಒರೆಸದ ಕೈ

ಸೈಕಲ್ ರಿಪೇರಿ ಅಂಗಡಿಯಲ್ಲಿ ಕೊಲೆಯಾಗಿ ಬಿದ್ದಿದ್ದ ಅಪ್ಪನ ಕೈಯನ್ನು ಒದ್ದೆ ಬಟ್ಟೆಯಿಂದ ಒರೆಸಲು ಬಗ್ಗಿದ ಮಗಳ ಮಣಿಕಟ್ಟನ್ನು ಇನ್‌ಸ್ಪೆಕ್ಟರಮ್ಮ ಗಪ್ಪನೆ ಹಿಡಿದರು.

"ಗ್ರೀಸ್ ಒರೆಸ್ತೀನಿ ಮೇಡಂ, ಬಿಡಿ. ಈ ಕೈಯಲ್ಲಿ ಮನೆಗೆ ಬಂದ್ರೆ ಅಮ್ಮ ಒಳಗೇ ಬಿಡಲ್ಲ."

"ಈಗ ಬೇಡಮ್ಮ."

ಮೊದಲಾಗಿದ್ದರೆ ಇನ್‌ಸ್ಪೆಕ್ಟರಮ್ಮ ಸುಮ್ಮನಿರುತ್ತಿದ್ದರು. ಅಳುವವರನ್ನು ತಡೆಯಲು ಮನಸ್ಸು ಬಾರದೆ ಎಷ್ಟೋ ಮನೆಗಳಲ್ಲಿ ತೊಳೆಯಲು, ಒರೆಸಲು ಬಿಟ್ಟಿದ್ದರು. ಆಮೇಲೆ ಲ್ಯಾಬಿಗೆ ಕಳಿಸಲು ಏನೂ ಉಳಿದಿರುತ್ತಿರಲಿಲ್ಲ. ಸಾಕ್ಷ್ಯ ಸಂಗ್ರಹಿಸಲೆಂದು ಠಾಣೆಗೆ ಕೊಟ್ಟಿದ್ದ ಪೆಟ್ಟಿಗೆ ಜೀಪಿನ ಮೂಲೆಯಲ್ಲಿ ಧೂಳು ತಿನ್ನುತ್ತಿತ್ತು. ಇವತ್ತು ಅದರ ಸೀಲು ಒಡೆದಿದ್ದರು. ಹೆಡ್ ಕಾನ್‌ಸ್ಟೇಬಲ್ ಅದರೊಳಗಿಂದ ಕಾಗದದ ಚೀಲಗಳನ್ನು ತೆಗೆದುಕೊಟ್ಟ.

"ಒಂದ್ಸಲ ಕೈಯಾದ್ರೂ ಹಿಡ್ಕೋತೀನಿ," ಮಗಳು ಗೋಗರೆದಳು. "ನಿಮ್ಮ ಮನಸ್ಸೇನು ಕಲ್ಲಾ?"

ಇನ್‌ಸ್ಪೆಕ್ಟರಮ್ಮ ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಸತ್ತವನ ಉಗುರುಗಳ ಮೇಲೆ ಟಾರ್ಚ್ ಬಿಟ್ಟರು. ಗ್ರೀಸಿನ ಕಪ್ಪಿನ ನಡುವೆ ಚರ್ಮದ ಚೂರೊಂದು ಸಿಕ್ಕಿಕೊಂಡಿತ್ತು.

"ನೋಡಮ್ಮ, ನಿಮ್ಮಪ್ಪ ಸುಮ್ನೆ ಸತ್ತಿಲ್ಲ. ಕೊಂದವನನ್ನ ಪರಚಿರೋ ಹಾಗಿದೆ. ಈ ಚರ್ಮ ಯಾರದ್ದು ಅಂತ ಲ್ಯಾಬಿನವರು ಕಂಡುಹಿಡೀತಾರೆ. ಒರೆಸಿಬಿಟ್ರೆ ಅವನು ತಪ್ಪಿಸ್ಕೋತಾನೆ."

ಮಗಳು ಮೆಲ್ಲಗೆ ಹಿಂದೆ ಸರಿದಳು. ಅಪ್ಪನ ಎರಡೂ ಕೈಗಳಿಗೆ ಚೀಲ ಕಟ್ಟುವುದನ್ನು ರೆಪ್ಪೆ ಬಡಿಯದೆ ನೋಡಿದಳು. ಅಷ್ಟರಲ್ಲಿ ಸೋದರತ್ತೆ "ಅಣ್ಣಾ..." ಎಂದು ಗೋಳಾಡುತ್ತಾ ಓಡಿಬಂದರು. ಅವಳು ಎದ್ದು ಬಾಗಿಲಿಗೆ ಅಡ್ಡ ನಿಂತು ಅವರನ್ನು ತಬ್ಬಿ ತಡೆದಳು.

"ಮುಟ್ಬೇಡಿ ಅತ್ತೆ. ಅಪ್ಪ ಅವನನ್ನ ಇನ್ನೂ ಹಿಡ್ಕೊಂಡಿದ್ದಾರೆ."