ಯಾನ್ ಅಂಕಲ್ ಕೊಟ್ಟ ಬೆಳ್ಳಿ

ಡ್ರಾಯರ್‌ನಲ್ಲಿ ಇವತ್ತು ನನ್ನ ಹಳೆಯ ಗೆಜ್ಜೆ ಸಿಕ್ಕಿತು. ಅದು ಅಲುಗಿದರೆ ನನಗೆ, ನಾವಾಗ ಇದ್ದ ಪರದೇಶದ ಬಡಾವಣೆ ಮೌಂಟ್ ರಾಸ್ಕಿಲ್‌ನ ಒಂದು ಮಧ್ಯಾಹ್ನ ಕೇಳಿಸುತ್ತದೆ.

ಪಕ್ಕದ ಮನೆಯ ಯಾನ್ ಅಂಕಲ್ ಹಾಲೆಂಡಿನವರು. ನನ್ನ ಆರನೆಯ ಹುಟ್ಟುಹಬ್ಬಕ್ಕೆ ಕಪ್ಪಿಟ್ಟ ಆರು ಬೆಳ್ಳಿ ನಾಣ್ಯ ಕೊಟ್ಟಿದ್ದರು. ಆರರ ಮೇಲೂ ಅವರ ದೇಶದ ರಾಣಿಯ ಮುಖವಿತ್ತು. ಹಾಗೇ ಇಟ್ಟರೆ ಬೆಳ್ಳಿ ದಂಡ ಎಂದು ಅಮ್ಮ ಅವನ್ನು ಮೈಸೂರಿಗೆ ಹೊರಟಿದ್ದ ಆಂಟಿಯೊಬ್ಬರ ಕೈಯಲ್ಲಿ ಅಕ್ಕಸಾಲಿಗನಿಗೆ ಕಳಿಸಿದಳು. ಮುಕ್ಕಾಲು ಪಾಲೂ ಬೆಳ್ಳಿಯಿಲ್ಲ ಎಂದು ಅವನು ಫೋನಿನಲ್ಲಿ ಗೊಣಗಿದ. "ಕಡಿಮೆ ಬಿದ್ದಿದ್ದನ್ನ ನೀವೇ ಸೇರಿಸಿ, ದುಡ್ಡು ಕೊಡ್ತೀನಿ. ಮಗೂಗೆ ಪ್ರೀತಿಯಿಂದ ಕೊಟ್ಟಿದ್ದು," ಎಂದಳು ಅಮ್ಮ.

ಗೆಜ್ಜೆ ಬಂದ ದಿನ ಅಂಕಲ್‌ರನ್ನು ಚಹಾಕ್ಕೆ ಕರೆದೆವು.

"ಪುಟ್ಟಿ, ಅಂಕಲ್‌ಗೆ ಕುಣಿದು ತೋರ್ಸು," ಎಂದಳು ಅಮ್ಮ.

ನಾನು ಕುಣಿದೆ. ಅಂಕಲ್ ಚಪ್ಪಾಳೆ ತಟ್ಟಿದರು. "ನಮ್ಮ ರಾಣಿ ಎಲ್ಲಿ?"

"ಪುಟ್ಟಿ ಕಾಲಲ್ಲೇ ಇದ್ದಾಳೆ ಅಂಕಲ್! ಕರಗಿಸಿ ಮಾಡಿಸಿದ್ದು. ಒಂದು ಗ್ರಾಂ ಕೂಡ ವೇಸ್ಟ್ ಆಗಿಲ್ಲ."

ಅಂಕಲ್ ಕೈಗಳು ಗಾಳಿಯಲ್ಲೇ ನಿಂತವು. ಎರಡನೇ ಮಹಾಯುದ್ಧದಲ್ಲಿ ಅವರ ದೇಶವನ್ನು ಹಿಡಿದ ಜರ್ಮನ್ನರು ಜನರಿಂದ ಬೆಳ್ಳಿ ನಾಣ್ಯ ಪಡೆದು ಸತುವಿನವನ್ನು ಕೊಟ್ಟಾಗ, ಅವರ ತಾಯಿ ಈ ಆರನ್ನು ಕೋಳಿಗೂಡಿನಡಿ ಹೂತಿಟ್ಟಿದ್ದರಂತೆ.

"ಹೊಟ್ಟೆಗಿಲ್ಲದೆ ಟ್ಯುಲಿಪ್ ಹೂವಿನ ಗಡ್ಡೆ ಬೇಯಿಸಿ ತಿಂದೆವು," ಎಂದರು ಅಂಕಲ್, "ಆದರೂ ಅಮ್ಮ ಅವನ್ನು ಹೊರತೆಗೆಯಲಿಲ್ಲ."

ಆಮೇಲೆ ಅವರು ನಕ್ಕುಬಿಟ್ಟರು ಎಂದು ಅಮ್ಮ ಹೇಳುತ್ತಾಳೆ. ನನಗೆ ನಗು ನೆನಪಿಲ್ಲ. ಅವರ ಅಂಗಿಯ ಬಣ್ಣವೂ ನೆನಪಿಲ್ಲ. ಅವರು ನೆಲದ ಮೇಲೆ ಕೂತು, ನನ್ನ ಎರಡೂ ಗೆಜ್ಜೆಗಳನ್ನು ಬೆರಳುಗಳಿಂದ ಮುಚ್ಚಿ ಹಿಡಿದಿದ್ದರು. ಬಿಡುವವರೆಗೂ ನಾನು ಕಾಲು ಅಲುಗಿಸಲಿಲ್ಲ.