ಬಾನೆಟ್ಟಿನೊಳಗಿನ ಗೂಡು

ಅಪ್ಪನ ಕಾಲದ ಸ್ಪೋರ್ಟ್ಸ್ ಕಾರಿನ ವೈರುಗಳನ್ನೆಲ್ಲ ಇಲಿ ಕಡಿದುಹಾಕಿತ್ತು. ಎಲೆಕ್ಟ್ರಿಷಿಯನ್ ಬಾನೆಟ್ ಎತ್ತಿ ಇಣುಕಿದ.

"ಇಡೀ ವೈರಿಂಗ್ ಹೊಸದಾಗಿ ಎಳೀಬೇಕು ಸಾರ್."

"ಡ್ರೈವರ್ ಜವರಯ್ಯ ಕಾರಲ್ಲೇ ಕೂತು ಬುತ್ತಿ ತಿಂತಿದ್ದ. ಅದಕ್ಕೇ ಇಲಿ ಸೇರ್ಕೊಂಡಿದ್ದು. ಮೊನ್ನೆ ಬೀದಿಯವರೆದುರೇ ಬೈದು ಕೆಲಸದಿಂದ ತೆಗೆದೆ," ಎಂದೆ.

ಎಲೆಕ್ಟ್ರಿಷಿಯನ್ ವೈರುಗಳ ಸಂದಿಯಿಂದ ಇಲಿಗೂಡನ್ನು ಎಳೆದು ನನ್ನ ಕೈಗಿಟ್ಟ. ಅದರ ತುಂಬ ಪುರಿ, ಕಡಲೆ, ಒಣಗಿದ ಚೆಂಡುಹೂವು, ಕುಂಕುಮ ಹತ್ತಿದ ಬಾಳೆಸಿಪ್ಪೆ ಇದ್ದವು.

"ಆಯುಧಪೂಜೇಲಿ ಇದನ್ನ ಇಂಜಿನ್ ಮೇಲೆ ಇಟ್ಟೋರು ಯಾರು ಸಾರ್?"

"ನಾನೇ."

"ಮಾರನೇ ದಿನ ತೆಗೀಬೇಕು ಅಂತ ಯಾರೂ ಹೇಳ್ಲಿಲ್ವಾ?"

ನಾನು ಗೂಡನ್ನು ನೆಲಕ್ಕಿಟ್ಟೆ.

"ಜವರಯ್ಯ ಹೇಳಿದ್ದ," ಎಂದೆ. "ಪೂಜೆಗಿಟ್ಟಿದ್ದನ್ನ ಮುಟ್ಟಬೇಡ ಅಂತ ಆವತ್ತೂ ಅವನಿಗೆ ಬೈದಿದ್ದೆ."